ಮೂರನೇ ಬೀಗದಕೈ

ಹಾಸನದ ಪೇಟೆಯಲ್ಲಿ ಷಡಕ್ಷರಿಯನ್ನು ಕೆಲವರು ಬೀಗದ ಇಂಜಿನಿಯರ್ ಅನ್ನುತ್ತಿದ್ದರು, ಕೆಲವರು ಬೆಂಕಿ ಇಂಜಿನಿಯರ್ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವನು ಇಂಜಿನಿಯರೇ ಅಲ್ಲ. ಮೈಸೂರಿನಲ್ಲಿ ಎರಡು ವರ್ಷ ಕಬ್ಬಿಣದ ಕೆಲಸ ಕಲಿತು ಬಂದು, ಬೆಂಗಳೂರಿನ ಒಂದು ಕಂಪನಿಯ ಪರವಾಗಿ ಮಂಡಿಗಳಿಗೂ ಉಗ್ರಾಣಗಳಿಗೂ ಬೀಗ, ಕಬ್ಬಿಣದ ಪಟ್ಟಿ, ಕೆಂಪು ಬಕೆಟ್ಟು, ಕೈಪಂಪು, ಅಪಾಯದ ಗಂಟೆ ಇವನ್ನೆಲ್ಲ ಕೂಡಿಸಿಕೊಡುವ ಕೆಲಸ ಹಿಡಿದವನು. ಆದರೆ ಖಾಕಿ ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ, ಸೈಕಲ್ಲಿನ ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಅವನು ಹೊರಟನೆಂದರೆ, ಇವನು ಇಂಜಿನಿಯರಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

ಹೆದರಿಕೆ ಅವನ ಹುಟ್ಟುಗುಣ. ಮನೆಗೆ ಬೀಗ ಹಾಕಿ ಬೀದಿಯ ಕೊನೆಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುವನು. ಮತ್ತೆ ಹೋದವನು ಮತ್ತೆ ಬರುವನು, ಈ ಸಲ ಒಲೆ ನೋಡುವುದಕ್ಕೆ. ಹೆಂಡತಿ ಗಂಗಾಂಬಿಕೆ ಇದನ್ನು ಮದುವೆಯಾದ ಮೊದಲ ತಿಂಗಳು ಸಹಿಸಿಕೊಂಡಳು, ಎರಡನೆಯ ತಿಂಗಳು ಬೈದಳು, ಆಮೇಲೆ ನಗುವುದನ್ನು ಕಲಿತಳು. ನಂಟರ ಮನೆಯ ಮದುವೆಗೆ ಹೋದರೂ ಈ ಮಹಾರಾಯನ ಕಣ್ಣು ಮದುಮಕ್ಕಳ ಮೇಲಲ್ಲ, ಚಪ್ಪರದ ಒಣ ಗರಿಯ ಮೇಲೂ ಅದರ ಕೆಳಗೆ ತೂಗುಹಾಕಿದ ಗ್ಯಾಸ್ ಲೈಟಿನ ಮೇಲೂ ಇರುತ್ತದೆಂದು ಅವಳು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಹೆದರಿಕೆ ಗಟ್ಟಿಯಾಗಿ ಬೇರು ಬಿಟ್ಟದ್ದು ಮೂವತ್ತೈದನೇ ಇಸವಿಯಲ್ಲಿ, ಅರಕಲಗೂಡಿನಲ್ಲಿ. ಹೊಗೆಸೊಪ್ಪಿನ ವ್ಯಾಪಾರಿ ಈಶ್ವರಯ್ಯನವರ ಉಗ್ರಾಣಕ್ಕೆ ಷಡಕ್ಷರಿ ಒಂದು ಬೀಗ ಹಾಕಿಕೊಟ್ಟಿದ್ದ. ಅವನು ಸ್ವಂತ ಕೈಯಿಂದ ಕೂಡಿಸಿದ ಮೊದಲ ದೊಡ್ಡ ಬೀಗ ಅದು. ಬಾಗಿಲಿಗೆ ಕಬ್ಬಿಣದ ತಗಡು, ಅಡ್ಡಕ್ಕೆ ಪಟ್ಟಿ, ಒಳಗಿಂದ ಹಿಡಿದುಕೊಳ್ಳುವ ನಾಲಗೆ. ಅದಕ್ಕೆ ಎರಡೇ ಬೀಗದಕೈ. ಒಂದು ಮಧ್ಯಾಹ್ನ ಈಶ್ವರಯ್ಯನವರು ಒಂದು ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರುದ್ರಪಟ್ಟಣಕ್ಕೆ ಸಂಗೀತ ಕೇಳಲು ಹೋದರು. ಇನ್ನೊಂದು ಅವರ ತಮ್ಮನ ಹತ್ತಿರ, ತಮ್ಮ ಯಾವುದೋ ಹಳ್ಳಿಯಲ್ಲಿ. ಅವತ್ತೇ ಉಗ್ರಾಣಕ್ಕೆ ಬೆಂಕಿ ಬಿತ್ತು. ಒಳಗೆ ಸೊಪ್ಪು ಆರಿಸುವ ಮಾಯಮ್ಮ ಎಂಬ ಮುದುಕಿ ಮೂಟೆಗಳ ಹಿಂದೆ ಒರಗಿ ನಿದ್ದೆ ಹೋಗಿದ್ದಳು. ಅವಳಿದ್ದಾಳೆಂದು ತಿಳಿಯದೆ ಬಾಗಿಲು ಹಾಕಿದ್ದರು. ಬೀದಿಯವರು ಹಾರೆ, ಒನಕೆ, ನೇಗಿಲಿನ ಗುಳ ಎಲ್ಲ ತಂದು ಅರ್ಧ ಗಂಟೆ ಕುಟ್ಟಿದರು. ಬೀಗ ಜಗ್ಗಲಿಲ್ಲ. ಕೊನೆಗೆ ಹೆಂಚು ತೆಗೆದು ಇಳಿಯುವ ಹೊತ್ತಿಗೆ ಮಾಯಮ್ಮ ಉಳಿದಿರಲಿಲ್ಲ.

ಷಡಕ್ಷರಿ ಸುದ್ದಿ ಕೇಳಿ ಓಡಿದ. ಜನ ತನ್ನನ್ನು ಹಿಡಿದು ಬಡಿಯುತ್ತಾರೆ ಅಂದುಕೊಂಡಿದ್ದ. ಬಡಿದಿದ್ದರೆ ಒಳ್ಳೆಯದಿತ್ತು. ಅವರು ಮಾಡಿದ್ದೇ ಬೇರೆ. ಅಷ್ಟು ಜನ ಅಷ್ಟು ಹೊತ್ತು ಕುಟ್ಟಿದರೂ ಬಿಡದ ಬೀಗವನ್ನು ಸುತ್ತ ನಿಂತು ನೋಡಿ, ಎಂಥಾ ಬೀಗ, ಎಂಥಾ ಬೀಗ ಎಂದು ಮೂಗಿನ ಮೇಲೆ ಬೆರಳಿಟ್ಟರು. ಈಶ್ವರಯ್ಯನವರೇ ಹೊಸ ಉಗ್ರಾಣಕ್ಕೆ ಅಂಥದ್ದೇ ಇನ್ನೊಂದನ್ನು ಹೇಳಿದರು. ಹೊಳೆನರಸೀಪುರದಿಂದ ನಾಲ್ಕು ಮಂಡಿಯವರು ಬಂದರು, ಚನ್ನರಾಯಪಟ್ಟಣದಿಂದ ಆರು. ಮುದುಕಿ ಸತ್ತದ್ದರಿಂದ ಅವನ ಹೆಸರು ಮೂರು ತಾಲ್ಲೂಕಿಗೆ ಹರಡಿತು. ಈ ಮಾತನ್ನು ಅವನು ಯಾರ ಹತ್ತಿರವೂ ಆಡಲಿಲ್ಲ, ಆದರೆ ಮರೆಯಲೂ ಇಲ್ಲ.

ಆವತ್ತಿನಿಂದ ಅವನು ಮಾಡಬಾರದ ಒಂದು ಕೆಲಸ ಮಾಡತೊಡಗಿದ. ಬೀಗ ಕೂಡಿಸುವವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಉಂಟು: ಬೀಗ ಒಪ್ಪಿಸುವ ದಿನ ಮಾಲೀಕನ ಮನೆಯ ದೇವರ ಮುಂದೆ ಎರಡೂ ಬೀಗದಕೈಗಳನ್ನಿಟ್ಟು, ಇವೆರಡೇ, ಮೂರನೆಯದಿಲ್ಲ ಎಂದು ದೀಪ ಮುಟ್ಟಿ ಹೇಳಬೇಕು. ಷಡಕ್ಷರಿ ಎಲ್ಲ ಕಡೆಯೂ ದೀಪ ಮುಟ್ಟಿ ಹೇಳಿದ. ಎಲ್ಲ ಕಡೆಯೂ ಸುಳ್ಳು. ಪ್ರತಿಯೊಂದು ಬೀಗಕ್ಕೂ ಮೂರನೆಯ ಕೈಯನ್ನು ಮನೆಯಲ್ಲಿ ಕೂತು ತಾನೇ ಅರದಿಂದ ಉಜ್ಜಿ, ನಂಬರು ಕೊರೆದು, ಅಟ್ಟದ ಮೇಲಿನ ಅವಲಕ್ಕಿ ಡಬ್ಬದಲ್ಲಿ ಹಾಕಿಟ್ಟಿದ್ದ. ನಲವತ್ತನಾಲ್ಕನೇ ಇಸವಿಯ ಹೊತ್ತಿಗೆ ಡಬ್ಬದಲ್ಲಿ ಮೂವತ್ತೆಂಟು ಇದ್ದವು. ಒಂದನ್ನೂ ಅವನು ಯಾವ ಬಾಗಿಲಿಗೂ ಹಾಕಿರಲಿಲ್ಲ. ಆದರೆ ಆ ಡಬ್ಬ ಯಾರ ಕಣ್ಣಿಗಾದರೂ ಬಿದ್ದರೆ ತಾನು ಕಳ್ಳನೆಂದೇ ಲೆಕ್ಕ, ಯಾರೂ ಹೊಸಿಲು ತುಳಿಯಗೊಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಲ್ಲವಳು ಗಂಗಾಂಬಿಕೆ ಒಬ್ಬಳೇ.

ಮೂವತ್ತೊಂದನೆಯ ನಂಬರಿನ ಕೈ ಚನ್ನಪ್ಪಗೌಡರ ಕೊಬ್ಬರಿ ಉಗ್ರಾಣದ್ದು. ಚನ್ನರಾಯಪಟ್ಟಣದ ಕೆರೆ ಏರಿಯ ಆಚೆ ಅವರ ತೋಟ, ತೋಟದ ಮನೆ, ಮನೆಗೆ ಹೊಂದಿಕೊಂಡಂತೆ ಉಗ್ರಾಣ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ, ಅಟ್ಟದ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ. ಕಾಯಿಯೊಳಗಿನ ನೀರು ಬತ್ತಿ ಗಿಟುಕು ಗಡಗಡ ಸದ್ದು ಮಾಡುವವರೆಗೆ, ಮಳೆಗಾಲದಲ್ಲಂತೂ ದಿನಾ, ಆ ಹೊಗೆ ಹಾಕಬೇಕು. ಯುದ್ಧ ಬಂದು ಕೊಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿದ ಮೇಲೆ ಎರಡು ಸಲ ಕಳ್ಳರು ಕಿಟಕಿಯಿಂದ ಇಳಿದಿದ್ದರು. ಷಡಕ್ಷರಿ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದ. ಆಳುಗಳು ಬಾಗಿಲು ತೆರೆದೇ ಬಿಟ್ಟು ಹೋಗುತ್ತಾರೆಂದು ಗೌಡರು ದೂರಿದ್ದರಿಂದ, ಎಳೆದರೆ ಸಾಕು ತಾನೇ ಬೀಳುವ ಬೀಗ ಕೂಡಿಸಿದ. ಬಿದ್ದ ಮೇಲೆ ಒಳಗಿಂದಲೂ ಹೊರಗಿಂದಲೂ ಬೀಗದಕೈ ಹಾಕದೆ ತೆರೆಯುವಂತಿಲ್ಲ. ಬೆಂಕಿಗೆಂದು ಹತ್ತು ಬಕೆಟ್ಟು ನೀರು, ನಾಲ್ಕು ಬಕೆಟ್ಟು ಮರಳು, ಒಂದು ಪೀಪಾಯಿ, ಪೀಪಾಯಿಗೆ ಕೈಪಂಪು. ಅಟ್ಟದ ತೊಲೆಗೆ ತಂತಿ ಬಿಗಿದು ನಡುವೆ ತವರದ ಬೆಸುಗೆ ಹಾಕಿದ್ದ. ಶಾಖ ಏರಿದರೆ ಬೆಸುಗೆ ಕರಗಿ, ತಂತಿ ಕಳಚಿ, ಕಲ್ಲುಗುಂಡು ಕೆಳಗಿಳಿಯುತ್ತ ಹೊರಗಿನ ಗಂಟೆಯನ್ನು ಬಡಿಯಬೇಕು. ಅಂಥ ಗಂಟೆಯನ್ನು ಹತ್ತಾರು ಕಡೆ ಕಟ್ಟಿದ್ದ. ಒಂದೂ ಅವತ್ತಿನವರೆಗೆ ಬಡಿದಿರಲಿಲ್ಲ, ಬಡಿಯುತ್ತದೋ ಇಲ್ಲವೋ ಎಂಬುದೂ ಅವನ ನೂರೆಂಟು ಚಿಂತೆಗಳಲ್ಲಿ ಒಂದು.

ಆ ವರ್ಷ ಭೀಮನ ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಬಿತ್ತು. ಬೆಳಗ್ಗೆ ಒಂಬತ್ತರ ಮೇಲೆ ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಿಡುತ್ತದೆಂದು ಪಂಚಾಂಗದವರು ಹೇಳಿದ್ದರು. ಗ್ರಹಣಕ್ಕೆ ಮೊದಲೇ ಪೂಜೆ ಮುಗಿಸಬೇಕೆಂದು ಗಂಗಾಂಬಿಕೆ ಬೆಳಕು ಹರಿಯುವಾಗಲೇ ಗಂಡನನ್ನು ಮಣೆಯ ಮೇಲೆ ಕೂರಿಸಿ ಪಾದ ತೊಳೆದಳು. ಬಲಗಾಲಿಗೆ ಅರಿಶಿನ ಹಚ್ಚಿ ಆಯಿತು. ಎಡಗಾಲಿಗೆ ಕೈ ಹಾಕುವಾಗ ಹಿತ್ತಲಿನಲ್ಲಿ ದಬದಬ ನೀರು ಸುರಿಯುವ ಸದ್ದು ಕೇಳಿಸಿತು. ಏನದು ಎಂದು ಕೇಳಿದ. ಪಕ್ಕದ ಮನೆಯವರು ನೀರು ಚೆಲ್ಲುತ್ತಿದ್ದಾರೆ ಎಂದಳು. ಗ್ರಹಣ ಹಿಡಿಯುವಾಗ ಮನೆಯಲ್ಲಿ ಹಳೆಯ ನೀರು ಇರಕೂಡದು. ಕೊಡ, ಹಂಡೆ, ಗುಡಾಣ ಎಲ್ಲ ಬರಿದು ಮಾಡಿ ಬೋರಲು ಹಾಕಿ, ಬಿಟ್ಟ ಮೇಲೆ ಹೊಸ ನೀರು ತುಂಬುವುದು. ಲಿಂಗ ಕಟ್ಟಿದ ನಮಗೆ ಅದೆಲ್ಲ ಇಲ್ಲ, ಆದರೂ ಬೀದಿಯವರೆಲ್ಲ ಮಾಡುವಾಗ ನಾವೊಬ್ಬರೇ ಯಾಕೆ ಎಂದು ನಾನೂ ಚೆಲ್ಲಿದೆ ಎಂದಳು.

ಷಡಕ್ಷರಿ ಹಿತ್ತಲಿನತ್ತ ಕತ್ತು ಚಾಚಿದ. ಮೂಲೆಯಲ್ಲಿ ಅವನ ಮನೆಯದೇ ಎರಡು ಕೆಂಪು ಬಕೆಟ್ಟುಗಳು ಬೋರಲು ಬಿದ್ದಿದ್ದವು. ಇಲ್ಲಿ ಹೀಗಾದರೆ ಮೂರು ತಾಲ್ಲೂಕಿನ ಬಕೆಟ್ಟುಗಳ ಗತಿ? ಹೊಗೆಸೊಪ್ಪಿನ ಕಾಲ ಇದಲ್ಲ, ಅರಕಲಗೂಡಿನ ಚಿಂತೆ ಇಲ್ಲ. ಹೊಳೆನರಸೀಪುರದ ಮಂಡಿಗಳಲ್ಲಿ ಇವತ್ತು ಒಲೆಯೇ ಹೊತ್ತುವುದಿಲ್ಲ. ಆದರೆ ಚನ್ನಪ್ಪಗೌಡರ ಅಟ್ಟ? ಅಲ್ಲಿ ಗ್ರಹಣವಿರಲಿ ಹಬ್ಬವಿರಲಿ, ಹೊಗೆ ನಿಲ್ಲುವುದಿಲ್ಲ. ಬುಡದಲ್ಲಿ ಕೆಂಡ, ಪೀಪಾಯಿಯಲ್ಲಿ ತೊಟ್ಟು ನೀರಿಲ್ಲ. ಉಗ್ರಾಣ ಭದ್ರವಾಗಿದೆ ಎಂದು ಯುಗಾದಿಗೆ ತಾನೇ ಕಾಗದದಲ್ಲಿ ಬರೆದು ರುಜು ಹಾಕಿಕೊಟ್ಟು ಬಂದಿದ್ದ. ಅವನು ಮಣೆಯಿಂದ ಎದ್ದುಬಿಟ್ಟ.

ಅರ್ಧ ಪೂಜೆಯಲ್ಲಿ ಗಂಡ ಎದ್ದು ಹೋಗುವುದು ಯಾವ ಹೆಂಡತಿಗೆ ತಾನೇ ಸಹನೆ. ಗಂಗಾಂಬಿಕೆ ಅತ್ತಳು, ಗ್ರಹಣದಲ್ಲಿ ದಾರಿ ನಡೆಯಬಾರದು ಎಂದಳು, ನೀವು ಹೋಗಿ ನೋಡುವಷ್ಟರಲ್ಲಿ ಅವರೇ ನೀರು ತುಂಬಿಸಿರುತ್ತಾರೆ ಎಂದಳು. ಅದೂ ನಿಜವೇ. ಅವನ ಹೆದರಿಕೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳಾಗುತ್ತಿದ್ದವು. ಆದರೂ ಅವನು ಏಣಿ ಹಾಕಿ ಅಟ್ಟ ಹತ್ತಿ ಡಬ್ಬಕ್ಕೆ ಕೈ ಹಾಕಿದ. ಮೂವತ್ತೊಂದನ್ನು ಹುಡುಕಿ ಕೋಟಿನ ಒಳಜೇಬಿಗೆ ಇಳಿಸಿಕೊಂಡ. ಇದು ಬೇಕಾಗುವುದಿಲ್ಲ, ಇರಲಿ ಎಂದು ತನಗೇ ಹೇಳಿಕೊಂಡ.

ಇದ್ದಿಲ ಗ್ಯಾಸಿನಲ್ಲಿ ಓಡುವ ಬೆಳಗಿನ ಬಸ್ಸಿನ ತಲೆಯ ಮೇಲೆ ಸೈಕಲ್ ಹೇರಿ ಹೊರಟ. ಬಸ್ಸಿನಲ್ಲಿ ಇದ್ದವರು ಐದೇ ಜನ. ಏರು ಬಂದಲ್ಲೆಲ್ಲ ಇಳಿದು ತಳ್ಳಿ, ಎರಡು ಸಲ ಬೂದಿ ಕೆದಕಿ, ಶಾಂತಿಗ್ರಾಮ ಮುಟ್ಟುವಾಗ ಎಂಟಾಯಿತು. ಅಲ್ಲಿ ಡ್ರೈವರು ಕೆಳಗಿಳಿದು, ಇನ್ನು ಗ್ರಹಣ ಬಿಡುವವರೆಗೆ ಗಾಡಿ ಹೊರಡುವುದಿಲ್ಲ, ಬೇಕಾದವರು ಕೂತಿರಿ, ಬೇಡವಾದವರು ನಡೆಯಿರಿ ಎಂದು ಹೇಳಿ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿದ. ಷಡಕ್ಷರಿ ಅವನ ಹತ್ತಿರ ವಾದಕ್ಕೆ ಹೋಗಲಿಲ್ಲ. ಸೈಕಲ್ ಇಳಿಸಿಕೊಂಡ.

ಇನ್ನೂ ಹದಿನೈದು ಮೈಲಿಯಿತ್ತು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಒಂದೊಂದು ಹಳ್ಳಿ ದಾಟುವಾಗಲೂ ಮುಚ್ಚಿದ ಬಾಗಿಲುಗಳು, ಜಗಲಿಯ ಮೇಲೆ ಬೋರಲು ಹಾಕಿದ ಕೊಡಗಳು. ಆ ಕೊಡಗಳನ್ನು ನೋಡಿದಷ್ಟೂ ಅವನು ಜೋರಾಗಿ ತುಳಿದ. ಇವತ್ತು ಕೆಂಚಯ್ಯ ಅಲ್ಲೇ ಇರುತ್ತಾನೆ ಎಂದು ಸಮಾಧಾನ ಮಾಡಿಕೊಂಡ. ಕೆಂಚಯ್ಯ ಎಂದರೆ ಗೌಡರ ಉಗ್ರಾಣ ನೋಡಿಕೊಳ್ಳುವವನು, ಎರಡನೆಯ ಬೀಗದಕೈ ಅವನ ಉಡಿದಾರದಲ್ಲೇ ಇರುತ್ತದೆ, ಹೊಗೆಯ ಮುಂದೆ ಕೂತರೆ ಏಳುವವನಲ್ಲ. ಗೌಡರೂ ಇರುತ್ತಾರೆ. ತಾನು ಬೆವರು ಸುರಿಸಿಕೊಂಡು ಹೋದರೆ, ಬನ್ನಿ ಇಂಜಿನೇರ್ರೆ, ಗ್ರಹಣಕ್ಕೆ ಹೆದ್ರುಕಂಡು ಬಂದ್ರಾ ಎಂದು ನಗುತ್ತಾರೆ. ನಗಲಿ. ನಕ್ಕರೆ ಸಾಕು ಎಂದು ದೇವರನ್ನು ಬೇಡಿಕೊಂಡ. ಅಷ್ಟರಲ್ಲಿ ಬಿಸಿಲು ಮಂಕಾಗುತ್ತ ಬಂತು. ಮೋಡವಿರಲಿಲ್ಲ, ಆದರೂ ರಸ್ತೆಯ ಮೇಲಿನ ಅವನ ನೆರಳು ಸಣ್ಣಗೆ ಚೂಪಾಯಿತು. ಸಂಜೆಯಾಯಿತೆಂದು ತಿಳಿದು ಕಾಗೆಗಳು ಮರಕ್ಕೆ ಹಾರಿದವು. ಷಡಕ್ಷರಿ ತಲೆ ಎತ್ತದೆ ತುಳಿದ.

ಕೆರೆ ಏರಿಯ ಮೇಲೆ ಬಂದಾಗ ಗಂಟೆ ಕೇಳಿಸಿತು.

ಮೊದಲು ಅವನಿಗೆ ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಸುಗೆ ಕರಗಿದೆ, ಗುಂಡು ಇಳಿದಿದೆ, ನನ್ನ ಗಂಟೆ ಬಡಿಯುತ್ತಿದೆ ಎಂದು ಒಂದು ಉಸಿರಿನಷ್ಟು ಹೊತ್ತು ಅವನ ಮನಸ್ಸು ಹಿಗ್ಗಿತು. ಮರುಕ್ಷಣ ಗಂಟೆ ಯಾಕೆ ಬಡಿಯುತ್ತಿದೆ ಎಂಬುದು ಹೊಳೆಯಿತು. ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಇಳಿದ.

ಉಗ್ರಾಣದ ಸೂರಿನ ಸಂದಿಯಿಂದ ದಟ್ಟ ಹೊಗೆ ಬರುತ್ತಿತ್ತು. ನಾಲ್ಕೈದು ಆಳುಗಳು ಹಾರೆ ಹಿಡಿದು ಬಾಗಿಲು ಕುಟ್ಟುತ್ತಿದ್ದರು. ಕೆಂಪು ಬಕೆಟ್ಟುಗಳೆಲ್ಲ ಗೋಡೆಯ ಬದಿಗೆ ಸಾಲಾಗಿ ಬೋರಲು ಮಲಗಿದ್ದವು. ಗೌಡರ ತಾಯಿ ದೊಡ್ಡತಾಯಮ್ಮ ಸೆರಗು ಜಾರಿದ್ದೂ ತಿಳಿಯದೆ ಅವನ ಎದುರಿಗೆ ಓಡಿ ಬಂದಳು.

“ಬಾಗ್ಲು ತಗುದ್ಬುಡಿ ಸ್ವಾಮಿ, ನನ್ ಸೊಸೆ ಒಳ್ಗವ್ಳೆ” ಎಂದಳು.

ಸೊಸೆ ಜಯಲಕ್ಷ್ಮಮ್ಮ ಏಳು ತಿಂಗಳ ಬಸುರಿ. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಗರ್ಭ. ಬಸುರಿಯ ಮೇಲೆ ಗ್ರಹಣದ ಒಂದು ಎಳೆ ಬೆಳಕೂ ಬೀಳಬಾರದೆಂದು ಮುದುಕಿ ಮನೆಯೆಲ್ಲ ಹುಡುಕಿ, ಎಲ್ಲ ಕೋಣೆಗೂ ಒಂದಲ್ಲ ಒಂದು ಬೆಳಕಿನ ಸಂದಿ ಕಂಡು, ಕೊನೆಗೆ ಕಿಟಕಿಯೇ ಇಲ್ಲದ ಉಗ್ರಾಣದಲ್ಲಿ, ಹೊಗೆ ಅಷ್ಟಾಗಿ ತಟ್ಟದ ಮುಂದಿನ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದ್ದಳು. ಬಾಗಿಲನ್ನು ಎಳೆಯಬೇಡ, ಓರೆ ಮಾಡು ಎಂದೂ ಹೇಳಿದ್ದಳು. ಗ್ರಹಣ ಹಿಡಿದಾಗ ಬಾಗಿಲ ಸಂದಿಯಿಂದ ಒಂದು ಗೆರೆ ಬೆಳಕು ಒಳಗೆ ಬಿದ್ದಿರಬೇಕು. ಮಗುವಿನ ಮೇಲೆ ಬೀಳುತ್ತದೆಂದು ಆ ಹುಡುಗಿ ತಾನೇ ಎದ್ದು ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡಿದ್ದಳು. ಷಡಕ್ಷರಿಯ ಬೀಗ ಹೇಳಿ ಮಾಡಿಸಿದಂತೆ ಬಿದ್ದಿತ್ತು. ಗೌಡರು ಹಿಂದಿನ ದಿನವೇ ಗಾಡಿ ಕಟ್ಟಿಸಿ ಹೇಮಾವತಿಯಲ್ಲಿ ಗ್ರಹಣಸ್ನಾನಕ್ಕೆಂದು ಹೊಳೆನರಸೀಪುರಕ್ಕೆ ಹೋಗಿದ್ದರು, ಒಂದು ಕೈ ಅವರ ಹತ್ತಿರ. ಕೆಂಚಯ್ಯ ಬೆಳಗಿನ ಜಾವ ಸಿಪ್ಪೆಗೆ ಕೆಂಡ ಹಾಕಿ, ಹಸಿ ಸಿಪ್ಪೆ ಮುಚ್ಚಿ, ಮುದುಕಿ ಹೇಳಿದಂತೆ ಬಾಗಿಲನ್ನು ಎಳೆಯದೆ ಬಿಟ್ಟು, ಹೆಂಡತಿ ಪಾದಪೂಜೆಗೆ ಕಾಯುತ್ತಿರುತ್ತಾಳೆಂದು ಹರದನಹಳ್ಳಿಗೆ ನಡೆದಿದ್ದ, ಇನ್ನೊಂದು ಕೈ ಅವನ ಉಡಿದಾರದಲ್ಲೇ ಹೋಗಿತ್ತು. ಹೇಗೂ ಗ್ರಹಣ ಬಿಡುವವರೆಗೆ ಒಳಗೇ ಇರಬೇಕಲ್ಲ ಎಂದು ಅತ್ತೆ ಸೊಸೆ ಇಬ್ಬರೂ ಮೊದಮೊದಲು ಬಾಗಿಲಿನ ಆಚೀಚೆ ಕೂತು ಮಾತಾಡಿಕೊಂಡೇ ಇದ್ದರಂತೆ. ಆಮೇಲೆ ಅವಳು ಕೆಮ್ಮತೊಡಗಿದಳು. ಆಮೇಲೆ ಗಂಟೆ ಬಡಿಯಿತು.

ಷಡಕ್ಷರಿ ಬಾಗಿಲ ಮುಂದೆ ನಿಂತ. ಆಳುಗಳು ಇಂಜಿನಿಯರು ಬಂದರು ಎಂದು ದಾರಿ ಬಿಟ್ಟರು. ಈ ತಗಡು, ಈ ಪಟ್ಟಿ, ಈ ನಾಲಗೆ ಎಲ್ಲ ಅವನದೇ. ಹಾರೆಗೆ ಜಗ್ಗುವಂಥದ್ದಲ್ಲ, ಅರ್ಧ ಗಂಟೆ ಬೇಕು. ಕೈ ಒಳಜೇಬಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಇಷ್ಟು ಜನರ ಎದುರಿಗೆ ಇದನ್ನು ಹೊರಗೆ ತೆಗೆದರೆ ಸಂಜೆಯೊಳಗೆ ಇಡೀ ಚನ್ನರಾಯಪಟ್ಟಣಕ್ಕೆ ಗೊತ್ತಾಗುತ್ತದೆ. ಹತ್ತು ವರ್ಷದ ಹೆಸರು, ಮೂವತ್ತೆಂಟು ಮನೆಯ ದೀಪ, ಎಲ್ಲ ಮಣ್ಣುಪಾಲು. ಅವನು ಏನು ಮಾಡಿದ ಗೊತ್ತೇ? ಪೆಟ್ಟಿಗೆ ಬಿಚ್ಚಿ ಒಂದು ತಂತಿ ತೆಗೆದ. ತಂತಿಯಿಂದ ಬೀಗ ತೆಗೆದಂತೆ ನಟಿಸಿ, ಮರೆಯಲ್ಲಿ ಬೀಗದಕೈ ಹಾಕಿ ತಿರುಗಿಸಿಬಿಡೋಣ, ಯಾರಿಗೂ ತಿಳಿಯದಂತೆ ಎಂದುಕೊಂಡ. ಬಾಗಿ, ತಂತಿಯನ್ನು ಬೀಗದ ಕಣ್ಣಿಗೆ ಸಿಕ್ಕಿಸಿ, ಹಿಂದೆ ಸರೀರಿ ಎಂದು ಆಳುಗಳನ್ನು ಗದರಿದ. ತಂತಿ ಜಾರಿತು. ಮತ್ತೆ ಸಿಕ್ಕಿಸಿದ. ಒಳಗಿನ ಕೆಮ್ಮು ಹತ್ತಿರದಲ್ಲೇ, ಬಾಗಿಲಿಗೆ ಒರಗಿಕೊಂಡು ಕೆಮ್ಮಿದಂತೆ ಕೇಳುತ್ತಿತ್ತು.

ಕೆಮ್ಮು ನಿಂತುಹೋಯಿತು.

ತಂತಿಯನ್ನು ಎಸೆದುಬಿಟ್ಟ. ಕೋಟಿನೊಳಗೆ ಕೈ ಹಾಕಿ ಮೂವತ್ತೊಂದನ್ನು ತೆಗೆದು, ಎಲ್ಲರ ಕಣ್ಣೆದುರಿಗೆ ಬೀಗಕ್ಕೆ ಹಾಕಿ ತಿರುಗಿಸಿದ. ಒಂದೇ ಸುತ್ತು. ಬಾಗಿಲು ತೆರೆದಾಗ ಜಯಲಕ್ಷ್ಮಮ್ಮ ಅವನ ಕಾಲ ಮೇಲೆಯೇ ಉರುಳಿದಳು. ದೊಡ್ಡತಾಯಮ್ಮ ಗ್ರಹಣ ನೋಡಲಿಲ್ಲ, ಬೆಳಕು ನೋಡಲಿಲ್ಲ, ಸೊಸೆಯನ್ನು ಬಾಚಿ ಎಳೆದುಕೊಂಡು ಬಯಲಿಗೆ ಬಂದಳು. ಒಳಗೆ ಹೊಗೆಯ ಕೆಂಡದ ಪಕ್ಕದ ಕರಟದ ರಾಶಿಗೆ ಬೆಂಕಿ ಹತ್ತಿ ಅಟ್ಟದ ಗಳುವಿಗೆ ನಾಲಗೆ ಚಾಚುತ್ತಿತ್ತು. ಬಕೆಟ್ಟುಗಳಲ್ಲಿ ನೀರಿಲ್ಲ, ಕೆರೆಯಿಂದ ತರುವಷ್ಟು ಹೊತ್ತೂ ಇಲ್ಲ. ಆದರೆ ಮರಳು ಇತ್ತು. ಮರಳಿಗೆ ಗ್ರಹಣ ತಟ್ಟುತ್ತದೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅದನ್ನು ಯಾರೂ ಚೆಲ್ಲಿರಲಿಲ್ಲ. ಆಳುಗಳೂ ಅವನೂ ನಾಲ್ಕು ಬಕೆಟ್ಟು ಮರಳು ಎರಚಿ, ಮೇಲೆ ಹಸಿ ಮಣ್ಣು ಸುರಿದು ಆರಿಸಿದರು. ಹೊರಗೆ ಬಂದಾಗ ಜಯಲಕ್ಷ್ಮಮ್ಮ ಕೆಮ್ಮುತ್ತಿದ್ದಳು. ಆ ಕೆಮ್ಮಿನಷ್ಟು ಹಿತವಾದ ಸದ್ದನ್ನು ತಾನು ಕೇಳಿಯೇ ಇಲ್ಲವೆಂದು ಅವನು ಕೊನೆಯವರೆಗೂ ಗಂಗಾಂಬಿಕೆಯ ಹತ್ತಿರ ಹೇಳುತ್ತಿದ್ದ. ತಂತಿ ಹಿಡಿದು ಕಳೆದ ಆ ಹೊತ್ತಿನ ಮಾತನ್ನು ಮಾತ್ರ ಹೇಳುತ್ತಿರಲಿಲ್ಲ.

ಗೌಡರು ಬರುವಾಗ ಸಂಜೆಯಾಗಿತ್ತು. ತಾಯಿ, ಹೆಂಡತಿ, ಆಳುಗಳು ಎಲ್ಲರೂ ನಡೆದದ್ದನ್ನು ಹೇಳಿದರು. ಗೌಡರು ಬಂದು ಷಡಕ್ಷರಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ ಅವನ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು.

“ನಾನು ಸಾಯಗಂಟ ಮರೆಯಕಿಲ್ಲ ಸ್ವಾಮಿ. ಆದ್ರೂ ಒಂದು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನನ್ ಬೀಗದ ಕೈ ನಿಮ್ತಾವ ಯಾಕಿತ್ತು?”

ಷಡಕ್ಷರಿ ಅರಕಲಗೂಡಿನ ಮಾಯಮ್ಮನ ಕತೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಡಬ್ಬದ ಕತೆಯನ್ನೂ ಹೇಳಿದ. ಗೌಡರು ಕೇಳಿಕೊಂಡರು, ತಲೆಯಾಡಿಸಿದರು, ನೀವು ಹೇಳುವುದು ಸರಿಯೇ ಎಂದರು. ಆದರೆ ಮಾರನೆಯ ವಾರವೇ ಆ ಬೀಗ ಕೀಳಿಸಿ ಬೆಂಗಳೂರಿನಿಂದ ಬೇರೆ ತರಿಸಿದರು. ಅವರನ್ನು ಬೈಯುವುದಕ್ಕಾಗುವುದಿಲ್ಲ. ಜೀವ ಉಳಿಸಿದವನು ಎಂಬುದು ಒಂದು, ತನ್ನ ಉಗ್ರಾಣದ ಕೈ ಇನ್ನೊಬ್ಬನ ಮನೆಯ ಅವಲಕ್ಕಿ ಡಬ್ಬದಲ್ಲಿತ್ತು ಎಂಬುದು ಇನ್ನೊಂದು.

ಸುದ್ದಿ ಹರಡುವ ಮೊದಲೇ ಷಡಕ್ಷರಿ ಡಬ್ಬವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಹೊಳೆನರಸೀಪುರ, ಅರಕಲಗೂಡು, ಮತ್ತೆ ಚನ್ನರಾಯಪಟ್ಟಣ, ಮನೆಮನೆಗೂ ಹೋಗಿ, ತಾನು ದೀಪ ಮುಟ್ಟಿ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡು, ಮೂರನೆಯ ಕೈಯನ್ನು ಮಾಲೀಕರ ಕೈಗೇ ಕೊಟ್ಟ. ಕೆಲವರು ಸುಮ್ಮನೆ ತೆಗೆದುಕೊಂಡರು. ಕೆಲವರು ಒಳಗೆ ಹೋಗಿ ಸಾಮಾನು ಎಣಿಸಿಕೊಂಡು ಬಂದರು. ಒಬ್ಬಾಕೆ ಅವನು ನಿಂತಿದ್ದ ಜಾಗಕ್ಕೆ ನೀರು ಹಾಕಿಸಿದಳು. ಈಶ್ವರಯ್ಯನವರಂತೂ ಹತ್ತು ವರ್ಷದಿಂದ ಹೊಗಳಿದ್ದ ಬೀಗವನ್ನು ಅವನ ಎದುರಿಗೇ ಕೀಳಿಸಿ, ಎತ್ತಿಕೊಂಡು ಹೋಗಯ್ಯ ಎಂದರು. ಕಂಪನಿಯವರಿಂದ ಕಾಗದ ಬಂತು. ಶ್ರಾವಣ ಮುಗಿಯುವುದರೊಳಗೆ ಬೀಗದ ಇಂಜಿನಿಯರೂ ಇಲ್ಲ, ಬೆಂಕಿ ಇಂಜಿನಿಯರೂ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೂಡಿನಲ್ಲಿ ಕೂತು ಸ್ಟೌ ರಿಪೇರಿ, ಪಾತ್ರೆಗೆ ಬೆಸುಗೆ, ಅಷ್ಟೇ. ಗಂಗಾಂಬಿಕೆ ಒಂದು ದಿನವೂ ಅವನನ್ನು ಆಡಿಕೊಳ್ಳಲಿಲ್ಲ. ಅವಳು ಆಡಿಕೊಂಡಿದ್ದರೇ ಅವನಿಗೆ ಮನಸ್ಸು ಹಗುರಾಗುತ್ತಿತ್ತೇನೋ.

ಅವನ ಹೆದರಿಕೆ ಮಾತ್ರ ಕಸುಬಿನ ಜೊತೆ ಹೋಗಲಿಲ್ಲ, ಹೆಚ್ಚಿತು. ಮೊದಲು ಡಬ್ಬವಾದರೂ ಇತ್ತು. ಈಗ ಮೂವತ್ತೆಂಟು ಬಾಗಿಲುಗಳ ಹಿಂದೆ ಯಾರು ಸಿಕ್ಕಿಕೊಂಡರೂ ತಾನು ಬರಿಗೈ ಎಂದು ಸ್ಟೌವಿನ ಬರ್ನರ್ ಉಜ್ಜುತ್ತ ಕೊರಗುತ್ತಿದ್ದ.

ಕಾರ್ತಿಕದಲ್ಲಿ ಚನ್ನಪ್ಪಗೌಡರೇ ಅಂಗಡಿಗೆ ಬಂದು, ಮಗನಿಗೆ ಹೆಸರಿಡುತ್ತೇವೆ, ನೀವಿಬ್ಬರೂ ಬರಲೇಬೇಕೆಂದು ಎಲೆ ಅಡಿಕೆ ಕೊಟ್ಟು ಕರೆದರು. ಹೋದರು. ಗಂಗಾಂಬಿಕೆ ಮಗುವನ್ನು ಎತ್ತಿಕೊಂಡಳು. ಗುಂಡುಗುಂಡಾದ ಮಗು, ಚೀರಿದರೆ ಹೆಂಚು ಹಾರುವಂತೆ ಚೀರುತ್ತಿತ್ತು. ಜಯಲಕ್ಷ್ಮಮ್ಮ ಷಡಕ್ಷರಿಯ ಕಾಲಿಗೆ ಬಿದ್ದಳು. ಎಲ್ಲ ಚೆನ್ನಾಗಿಯೇ ಇತ್ತು, ಆದರೆ ಅವನ ಕಣ್ಣು ಅಂಗಳದಾಚೆಯ ಉಗ್ರಾಣದ ಬಾಗಿಲಿಗೆ ನೆಟ್ಟಿತ್ತು. ಹೊಸ ಬೀಗ ಮಿಂಚುತ್ತಿತ್ತು. ಬಕೆಟ್ಟುಗಳಲ್ಲಿ ನೀರಿತ್ತು, ಅದನ್ನು ಆಗಲೇ ಎದ್ದು ಹೋಗಿ ನೋಡಿ ಬಂದಿದ್ದ. ಊಟಕ್ಕೆ ಕೂತಾಗ ತಡೆಯಲಾರದೆ ಪಕ್ಕದ ಗೌಡರನ್ನು, ಆ ಬೀಗಕ್ಕೆ ಕೈ ಎಷ್ಟು ಎಂದು ಕೇಳಿಯೇಬಿಟ್ಟ. ಗೌಡರು ಒಂದು ಗಳಿಗೆ ಅವನನ್ನೇ ನೋಡಿ, ಎರಡೇ, ಈಗ ಎರಡೂ ನನ್ನ ಹತ್ತಿರವೇ ಇರುತ್ತವೆ ಎಂದರು. ಷಡಕ್ಷರಿಯ ಹೋಳಿಗೆ ಎಲೆಯಲ್ಲೇ ಉಳಿಯಿತು.

ಕೈ ತೊಳೆಯುವಾಗ ದೊಡ್ಡತಾಯಮ್ಮ ಬಂದು, ಮನೆಗೆ ನಾಲ್ಕು ಕಾಯಿ ಕಟ್ಟಿಕೊಡುತ್ತೇನೆ, ಹಿತ್ತಲಿಗೆ ಬನ್ನಿ ಎಂದು ಕರೆದಳು. ಹಿತ್ತಲಿನಲ್ಲಿ ಕಾಯಿ ಇರಲಿಲ್ಲ. ಮುದುಕಿ ಹಿಂದೆ ಮುಂದೆ ನೋಡಿ, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಒಂದು ಹೊಸ ಬೀಗದಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

“ಅವ್ನು ಉಂಡು ಮನಗಿದ್ದಾಗ ಗೂಟದಿಂದ ತಕ್ಕಂಡೋಗಿ ಆಚಾರಿ ತಾವ ಉಜ್ಜಿಸ್ದೆ ಕಣಪ್ಪ. ನನ್ ಮಗಂಗೆ ಗೊತ್ತಿಲ್ಲ, ನೀವೂ ಏಳ್ಬ್ಯಾಡಿ” ಎಂದಳು. ಆಮೇಲೆ ದನಿ ತಗ್ಗಿಸಿ, ಹಾಕಿದರೆ ಸ್ವಲ್ಪ ಕಚ್ಚುತ್ತದೆ, ಸರಿಯಾಗಿ ತಿರುಗುವುದಿಲ್ಲ, ಅದಕ್ಕೇ ನಿಮ್ಮ ದಾರಿ ಕಾಯುತ್ತಿದ್ದೆ ಎಂದಳು.

ಷಡಕ್ಷರಿ ಬೀಗದಕೈಯನ್ನು ಬೆಳಕಿಗೆ ಹಿಡಿದು ಹಲ್ಲು ನೋಡಿದ. ಆಚಾರಿ ಅವಸರ ಮಾಡಿದ್ದ, ಎರಡನೆಯ ಹಲ್ಲಿನ ಅಂಚು ಒರಟಾಗಿತ್ತು. ಬೀಗದ ಕೆಲಸ ಹೋಗಿ ಮೂರು ತಿಂಗಳಾದರೂ ಕೋಟಿನ ಜೇಬಿನಲ್ಲಿ ಸಣ್ಣ ಅರ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೆಲ್ಲಗೆ, ಸದ್ದು ಆಚೆ ಹೋಗದಂತೆ ಉಜ್ಜಿದ. ಪುಡಿ ಊದಿ, ಬೆರಳಿನಿಂದ ಸವರಿ, ಹೋಗಿ ಹಾಕಿ ನೋಡಿ ಎಂದು ಕೊಟ್ಟ. ಮುದುಕಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಬಂದು, ಬೆಣ್ಣೆ ತಿರುಗಿದಂಗೆ ತಿರುಗ್ತು ಎಂದು ಹೇಳಿ, ಚೀಲದಲ್ಲಿ ಸುಣ್ಣದ ಡಬ್ಬಿಯ ಕೆಳಗೆ ಇಟ್ಟುಕೊಂಡಳು.

ಸಂಜೆಯ ಬಸ್ಸಿನಲ್ಲಿ ಗಂಗಾಂಬಿಕೆ ಮನೆಯ ಒಲೆ ಆರಿಸಿದ್ದೇನೆ, ಬೀಗ ಹಾಕಿದ್ದೇನೆ ಎಂದು ಅವನು ಕೇಳುವ ಮೊದಲೇ ಹೇಳಿದಳು. ತಿರುಗಿ ನೋಡಿದರೆ ಕಿಟಕಿಗೆ ತಲೆ ಒರಗಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಶಾಂತಿಗ್ರಾಮದಲ್ಲಿ ಬಸ್ಸು ನಿಂತಾಗಲೂ ಅವನಿಗೆ ಎಚ್ಚರವಾಗಲಿಲ್ಲ.